ಮೇಷ್ಟ್ರು ಬಿಟ್ಟುಹೋದ ತಕ್ಕಡಿ

ಮೊನ್ನೆ ಅಟ್ಟ ಗುಡಿಸುವಾಗ ತುಕ್ಕು ಹಿಡಿದ ಸ್ಪ್ರಿಂಗ್ ತಕ್ಕಡಿ ಸಿಕ್ಕಿತಲ್ಲ ಮಕ್ಕಳೇ, “ಇದ್ಯಾರದಜ್ಜಿ?” ಎಂದು ಕೇಳಿದಿರಿ. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ, ಬರೆದಿಡುತ್ತೇನೆ.

ಅದು ನಿಮ್ಮಮ್ಮನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರದ್ದು. ಯಾವ ಊರಿನವರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಫಾರೆಸ್ಟ್ ಗಾರ್ಡುಗಳ ಹಾಗೆ ಖಾಕಿ ಬಣ್ಣದ ಪ್ಯಾಂಟು ಹಾಕುತ್ತಿದ್ದರು. ಕಾಕನಕೋಟೆ ಕಾಡಂಚಿನ ನಮ್ಮೂರಿಗೆ ಅನುಮಾನ ಪಡಲು ಅಷ್ಟೇ ಸಾಕಿತ್ತು.

ನಮ್ಮ ತಾಲ್ಲೂಕು ಊರಾದ ಕೋಟೆಯಲ್ಲಿ ನಡೆಯುವ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳು ಊರಿಗೆ ಉಪಯೋಗವಾಗುವಂಥದ್ದೇನಾದರೂ ಮಾಡಿ ತರಬೇಕಿತ್ತು. ಹೊಗೆ ಕಾರದ, ಸೌದೆ ಅರ್ಧ ಉಳಿಸುವ ಮಣ್ಣಿನ ಒಲೆ ಮಾಡೋಣ ಎಂದರು ಮೇಷ್ಟ್ರು. ಮೆಚ್ಚಿಗೆಯಾದರೆ ಸರ್ಕಾರದವರು ಊರಿನ ಮನೆಮನೆಗೂ ಅಂಥ ಒಲೆ ಕಟ್ಟಿಕೊಡುತ್ತಾರೆಂಬ ಮಾತಿತ್ತು. ಹೊಗೆಗೆ ನಮ್ಮತ್ತೆಯ ಕಣ್ಣು ಮಂಜಾಗಿದ್ದವು. ಒಲೆ ನಮಗೂ ಬೇಕಿತ್ತು. ಆದರೆ ಮನೆಮನೆಯಲ್ಲಿ ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ತೂಗಿಕೊಂಡು ಬನ್ನಿ ಎಂದು ಹುಡುಗಿಯರ ಕೈಗೆ ಈ ತಕ್ಕಡಿ ಕೊಟ್ಟು ಕಳಿಸಿದರು...

ಸೌದೆ ಬರುತ್ತಿದ್ದುದು ಕಾಡಿನಿಂದ, ಗಾರ್ಡಿನ ಕಣ್ಣು ತಪ್ಪಿಸಿ.

“ಒಲೆ ಮಾಡೋನ್ಗೆ ನಮ್ ಸೌದೆ ಲೆಕ್ಕ ಯಾಕವ್ವ? ಅವ್ನು ಮೇಷ್ಟ್ರಲ್ಲ ಕಣ, ಫಾರೆಸ್ಟ್‌ನೋರ ಕಡೆಯೋನು” ಎಂದರು ಅತ್ತೆ. ನನಗೂ ಹಾಗೇ ಅನ್ನಿಸಿತು.

ನಿಮ್ಮ ತಾತ ಸೌದೆಯನ್ನೆಲ್ಲ ರಾಗಿಹುಲ್ಲಿನ ಮೆದೆಯೊಳಕ್ಕೆ ತಳ್ಳಿದರು. ಬೀದಿಯಲ್ಲೆಲ್ಲ ಅದೇ ಕೆಲಸ. ಹುಡುಗಿಯರು ಬಂದಾಗ ಎಲ್ಲರ ಒಲೆ ಮುಂದೆಯೂ ಬೆರಣಿ, ಹತ್ತಿಕಡ್ಡಿ.

“ಅವ್ವ, ಸೌದೆ ಎಲ್ಲಿ?” ನಿಮ್ಮಮ್ಮ ಕೇಳಿದಳು.

“ಇಲ್ಲ ಕಣ, ಸುಮ್ಕೆ ಅಂಗೇ ಬರ್ಕೊ” ಎಂದೆ ನಾನು.

ಪ್ರದರ್ಶನದ ದಿನ ನಾನೂ ಕೋಟೆಗೆ ಹೋಗಿ ಹಿಂದೆ ನಿಂತಿದ್ದೆ. ಮೈಸೂರಿನಿಂದ ಬಂದಿದ್ದ ಸಾಹೇಬರು ನಿಮ್ಮಮ್ಮ ಬರೆದ ಚಾರ್ಟು ಓದಿ ನಕ್ಕರು. “ನಿಮ್ಮೂರಲ್ಲಿ ಯಾರೂ ಸೌದೆ ಉರಿಸೋದೇ ಇಲ್ವಲ್ಲಮ್ಮ! ಉರಿಸದೇ ಇರೋ ಸೌದೇನ ಹೇಗೆ ಉಳಿಸ್ತೀಯ?”

ಸುತ್ತಲಿದ್ದವರೂ ನಕ್ಕರು. ನಿಮ್ಮಮ್ಮನ ಕಣ್ಣು ತುಂಬಿದವು. ಈಗ ಮೇಷ್ಟ್ರು ಊರನ್ನೇ ಹಿಡಿದುಕೊಡುತ್ತಾರೆ ಎಂದುಕೊಂಡೆ.

ಅವರು ಹುಡುಗಿಯ ಮುಂದೆ ಬಂದು ನಿಂತರು. “ಮಕ್ಕಳ ತಪ್ಪಲ್ಲ ಸಾರ್. ತಕ್ಕಡಿ ನಂದು. ಅದು ಕೆಟ್ಟಿದೆ.”

“ಏನ್ ಮೇಷ್ಟ್ರೇ ನೀವು! ಕೆಟ್ಟ ತಕ್ಕಡಿ ಕೊಟ್ಟು ಮಕ್ಕಳನ್ನ ಕಳಿಸೋದಾ?” ಸಾಹೇಬರು ಎಲ್ಲರೆದುರಿಗೇ ಗದರಿದರು. ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಒಲೆ ಬೇರೆ ಊರಿನ ಪಾಲಾಯಿತು.

“ನಾಟ್ಕ ಆಡ್ತವ್ನೆ. ಇವತ್ತಲ್ಲ ನಾಳೆ ಗಾರ್ಡು ಬತ್ತಾನೆ, ನೋಡ್ತಿರು” ಎಂದರು ಅತ್ತೆ. ಗಾರ್ಡು ಬರಲಿಲ್ಲ. ಆದರೂ ಸೌದೆ ಮೆದೆಯೊಳಗೇ ಇತ್ತು.

ಬೇಸಿಗೆಯಲ್ಲಿ ಮೇಷ್ಟ್ರಿಗೆ ವರ್ಗವಾಯಿತು. ಹೊರಡುವ ದಿನ ತಕ್ಕಡಿಯನ್ನು ನಮ್ಮ ಜಗಲಿಯ ಮೇಲಿಟ್ಟು, “ಕೆಟ್ಟಿರೋದು ಕಣ್ರಮ್ಮ, ಮಗೂಗಿರಲಿ” ಎಂದರು. ಕೂತುಕೊಳ್ಳಿ ಎನ್ನಲಿಲ್ಲ ನಾನು. ಇದರಲ್ಲೂ ಏನೋ ಇದೆ ಅನ್ನಿಸಿ ಅಟ್ಟಕ್ಕೆ ಹಾಕಿಸಿದೆ. ಅತ್ತೆ ಕೊನೆಯವರೆಗೂ ಹೊಗೆಯಲ್ಲೇ ಕಣ್ಣೊರೆಸಿಕೊಂಡರು...

ಆ ಮೇಷ್ಟ್ರು ಹೋದ ವರ್ಷ ತೀರಿಕೊಂಡರೆಂದು ನಿಮ್ಮಮ್ಮ ಹೇಳಿದಳು. ಇವತ್ತು ನೀವು ಸ್ಕೂಲಿಗೆ ಹೋದ ಮೇಲೆ ತುಕ್ಕು ಒರೆಸಿ, ಕೊಕ್ಕೆಗೆ ಒಂದು ಕೆ.ಜಿ. ಸಕ್ಕರೆ ಪೊಟ್ಟಣ ತೂಗುಹಾಕಿದೆ.

ಮುಳ್ಳು ಸರಿಯಾಗಿ ಒಂದಕ್ಕೆ ಬಂದು ನಿಂತಿತು.