ಯಾವ ದೇವರಿಗೆ ಮುಡಿ

ಹೈದರಾಬಾದಿನ ಆಸ್ಪತ್ರೆಯಲ್ಲಿ ನನ್ನ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರಿನ ಚಿಕಿತ್ಸೆ ನಡೆದಿತ್ತು. ಔಷಧದಿಂದ ಕೂದಲೆಲ್ಲ ಉದುರಿ ಅವಳ ತಲೆ ಬೋಳಾಗಿತ್ತು. ನಡುವೆ ಎರಡು ವಾರ ಬಿಡುವು ಸಿಕ್ಕಾಗ ಯಾದಗಿರಿಯಲ್ಲಿ ರೈಲು ಇಳಿದು ಸುರಪುರದ ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತ ಮುದುಕಿ ಮಗಳ ತಲೆ ಸವರಿ, “ಯಾವ ದೇವ್ರಿಗಿ ಮುಡಿ ಕೊಟ್ರಿ?” ಎಂದಳು. ಶಹಾಪುರದಲ್ಲಿ ಹತ್ತಿದ ಮಾಸ್ತರೊಬ್ಬರೂ ಅದನ್ನೇ ಕೇಳಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ದೇವ್ರಿಗಿ ಅಲ್ರಿ, ಔಷಧಕ್ಕ” ಅಂದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ನನ್ನ ತಂಗಿ ಇಂಗ್ಲೆಂಡಿನಲ್ಲಿ ಮಕ್ಕಳ ಆಸ್ಪತ್ರೆಯ ನರ್ಸು. ನಾನು ಮನೆ ಮುಟ್ಟಿದ ಕೂಡಲೇ ಫೋನಿನಲ್ಲಿ ಅವಳ ಮುಂದೆ ನಮ್ಮ ಜನರನ್ನು ಬೈದೆ. ಅಲ್ಲಿ ಬೋಳು ತಲೆಯ ಮಗುವನ್ನು ಕಂಡರೆ ಬಸ್ಸಿನ ಡ್ರೈವರಿಗೂ ಕಾಯಿಲೆ ಯಾವುದೆಂದು ಗೊತ್ತಾಗುತ್ತದಂತೆ.

“ಅಲ್ಲಿ ಮಂದಿ ಶಾಣ್ಯಾರು ಬಿಡು” ಅಂದೆ.

“ಶಾಣ್ಯಾತನ ಅಲ್ಲಕ್ಕಾ. ಇಲ್ಲಿ ಈ ಬ್ಯಾನಿ ಬಂದ ಎಲ್ಲಾ ಮಕ್ಕಳಿಗೂ ಔಷಧ ಸಿಗ್ತದ. ಅದಕ್ಕ ಬೋಳು ತಲಿ ಎಲ್ಲಾರೂ ನೋಡ್ಯಾರ.”

ನಮ್ಮ ಓಣಿಯ ಹುಡುಗಿಯೊಬ್ಬಳು ನೆನಪಾದಳು. ಅವಳಿಗೂ ನನ್ನ ಮಗಳ ಹಾಗೆಯೇ ಬಿಡದ ಜ್ವರ ಬಂದು, ಮೈಮೇಲೆ ನೀಲಿ ಕಲೆಗಳು ಎದ್ದಿದ್ದವು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು. ದೊಡ್ಡ ಆಸ್ಪತ್ರೆಯನ್ನು ಅವಳು ನೋಡಲೇ ಇಲ್ಲ.

ಮಣ್ಣಿಗೆ ಒಯ್ಯುವ ಮುಂಚೆ ಅವಳ ತಾಯಿ ಕೂದಲು ಬಾಚಿ, ಎಣ್ಣೆ ಹಚ್ಚಿ, ಎರಡು ಉದ್ದ ಜಡೆ ಹಾಕಿದ್ದಳು.