ಸೋಸಿದ ಮದ್ದು

ಮೊನ್ನೆ ಮೊಮ್ಮಗನ ಜ್ವರದ ಔಷಧಿಯ ಮುಚ್ಚಳ ತೆಗೆದೆ. ಕಿತ್ತಳೆ ಪೆಪ್ಪರಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಪೋತ್ನಾಳದ ಪಕ್ಕದ ಮನೆಯ ಅಕ್ಕ ಎದುರಿಗೇ ಬಂದು ನಿಂತಂತಾಯಿತು... ರಾಯಚೂರಿಗೆ ಬಂದು ಇಷ್ಟು ವರ್ಷವಾದರೂ ಆ ವಾಸನೆ ನನ್ನನ್ನು ಬಿಟ್ಟಿಲ್ಲ.

ನಾನು ಸೊಸೆಯಾಗಿ ಆ ಊರಿಗೆ ಹೋದಾಗ ಅಕ್ಕನ ಅಚ್ಚುಕಟ್ಟು ಓಣಿಗೆಲ್ಲ ಗೊತ್ತಿತ್ತು. ಕಾಲುವೆಯ ರಾಡಿ ನೀರನ್ನು ಕೊಡದಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಬಿಳಿ ಅರಿವೆಯಲ್ಲಿ ಸೋಸುತ್ತಿದ್ದಳು. ತಳದ ಗಸಿ ಅಂಗಳಕ್ಕೆ. "ನಮ್ಮ ಸೊಸಿ ಕೈಯಾನ ನೀರು ಕುಡದು ನೋಡ್ರಿ" ಎಂದು ಅವಳ ಮಾವ ಬಂದ ಬೀಗರೆದುರೆಲ್ಲ ಮೀಸೆ ತಿರುವುತ್ತಿದ್ದ.

ಅವಳ ಒಬ್ಬಳೇ ಮಗಳಿಗೆ ಫಿಟ್ಸ್ ಬರುತ್ತಿತ್ತು. ರಾಯಚೂರಿನ ಡಾಕ್ಟರೊಬ್ಬ ಇದೇ ಕಿತ್ತಳೆ ವಾಸನೆಯ ಔಷಧಿ ಬರೆದುಕೊಟ್ಟ. ದಿನಕ್ಕೆ ಎರಡು ಸಲ ಎಂದು ಬೆರಳು ತೋರಿಸಿ ಮುಂದಿನವರನ್ನು ಕರೆದ. ಶೀಷೆಯನ್ನು ನಿಲ್ಲಿಸಿಟ್ಟರೆ ತಳದಲ್ಲಿ ಬೆಳ್ಳಗೆ ಗಸಿ ಕೂರುತ್ತಿತ್ತು.

"ಥೂ, ಮದ್ದಿನ್ಯಾಗೂ ಸುಣ್ಣ ಕಲಸ್ಯಾರ ನೋಡವ್ವಾ! ನನ್ನ ಕೂಸಿಗೆ ಈ ರಾಡಿ ಕುಡಸ್ಲೇನು?" ಎಂದು ಅಕ್ಕ ನನ್ನೆದುರೇ ಬೈದಳು. ತಿಳಿಯನ್ನು ಸೋಸಿ ಮಗಳಿಗೆ ಕುಡಿಸಿದಳು, ಗಸಿ ಚೆಲ್ಲಿದಳು. ನಮ್ಮ ಓಣಿಯ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಫಿಟ್ಸ್ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಕಾಲುವೆ ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದ ಹುಡುಗಿ ಫಿಟ್ಸ್ ಬಂದು ನೀರಿಗೆ ಬಿದ್ದಳು. ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮಣ್ಣಿಗೆ ಬಂದ ಅಕ್ಕನ ಮೈದುನನಿಗೆ ಮಾನ್ವಿಯಲ್ಲಿ ಔಷಧಿ ಅಂಗಡಿಯಿತ್ತು. ಗೂಡಿನಲ್ಲಿದ್ದ ಶೀಷೆಯನ್ನೂ ಅದರ ಪಕ್ಕದ ಸೋಸುವ ಅರಿವೆಯನ್ನೂ ನೋಡಿದ. ಶೀಷೆಯನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಚೀಟಿ ಓದಿದ.

"ಇದನ್ನ ಸೋಸೀರೇನು ವೈನೀ? ಇದ್ರಾಗ ಕರಗಿದ್ದು ಸಕ್ಕರಿ ಅಷ್ಟ. ಮದ್ದು ಕರಗಂಗಿಲ್ಲ, ತೇಲಾಡಿ ತಳಕ್ಕ ಕೂಡ್ತದ. ಅಲುಗಾಡಿಸಿ ಕುಡಸ್ಬೇಕು. ನೀವು ಮದ್ದು ಚೆಲ್ಲಿ ಸಕ್ಕರಿನೀರು ಕುಡಿಸೀರಿ" ಎಂದ, ನೆರೆದ ಮಂದಿಯೆದುರು. ಪುಣ್ಯಾತ್ಮ! ಇಷ್ಟೆಲ್ಲ ಬಲ್ಲವನು, ಆ ಕೂಸು ನರಳುವಾಗ ಒಂದು ದಿನ ಇತ್ತ ತಲೆ ಹಾಕಿರಲಿಲ್ಲ.

ಅಂದಿನಿಂದ ಅವಳ ಕೈಯ ನೀರು ಯಾರಿಗೂ ಬೇಡವಾಯಿತು. ಮಾವ ಅವಳು ತಂದ ತಂಬಿಗೆಯನ್ನು ಕಾಲಿನಿಂದ ಸರಿಸಿದ್ದನ್ನು ನಾನೇ ಕಂಡೆ. ಗಂಡ "ಮಗಳನ್ನ ಕೊಂದಾಕಿ" ಎಂದು ಬೈದು ದೇವದುರ್ಗದ ತವರಿಗೆ ಬಿಟ್ಟು ಬಂದ. ಅಲುಗಾಡಿಸಿ ಕುಡಿಸು ಎಂದು ಬಾಯಿಬಿಟ್ಟು ಹೇಳದ ಡಾಕ್ಟರನನ್ನು ಯಾರೂ ಏನೂ ಅನ್ನಲಿಲ್ಲ. ಇವರೆಲ್ಲರ ಬಾಯಿಗೆ ಮಣ್ಣು ಬೀಳಲಿ!

ಅಕ್ಕ ತವರಿನಲ್ಲೇ ತೀರಿಕೊಂಡಳೆಂದು ಆಮೇಲೆ ಕೇಳಿದೆ. ನನಗೆ ಹೋಗಲೂ ಆಗಲಿಲ್ಲ...

ಮೊನ್ನೆ ಔಷಧಿ ಕೊಟ್ಟ ಅಂಗಡಿಯವನನ್ನು ಕೇಳಿದ್ದೆ: "ಇದನ್ನ ಅಲುಗಾಡಿಸಿ ಕುಡಸ್ಬೇಕೇನಪಾ?"

ಅವನು ಮೊಬೈಲಿನಿಂದ ತಲೆಯೆತ್ತಲಿಲ್ಲ. "ಅದರ ಮ್ಯಾಲೇ ಬರದದಲ್ಲ ಯವ್ವಾ, ಇಂಗ್ಲಿಷಿನ್ಯಾಗ."

ಪೋತ್ನಾಳದ ಆ ಶೀಷೆಯ ಮೇಲೂ ಬರೆದಿತ್ತು. ಓದಬಲ್ಲವನು ಅದನ್ನು ಓದಿದ್ದು ಮಾತ್ರ ಹುಡುಗಿಯ ಹೆಣದ ಮುಂದೆ.