ಗೋಡೆಗೆ ಒರಗಿದ ಹೊಸ್ತಿಲು

ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ಬೇಳೆ ಹಸನು ಮಾಡುತ್ತಿದ್ದ ಆಕೆ ನಮ್ಮ ಓಣಿಯ ತುದಿಗೆ, ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದಳು. ಅಂಥ ಮನೆಗಳಿಗೆ ಹಕ್ಕು ಕೊಡುವ ಕಾನೂನು ಪ್ರತಿ ಅಧಿವೇಶನದಲ್ಲೂ ಮುಂದಕ್ಕೆ ಹೋಗುತ್ತಿತ್ತು. ನನ್ನ ಕೈಯಲ್ಲಿ ಪೇಪರ್ ಕಂಡರೆ ಸೆರಗಿನ ತುದಿ ಹಿಂಡುತ್ತ ಕೇಳುವಳು: "ಪಾಸಾಯ್ತೇನ್ರಿ?" ಇಲ್ಲವೆಂದರೆ, "ಅವರಿಗೇನ ಅವಸರರಿ, ಅವರಿಗಿ ಮನಿ ಅದಾವಲ್ಲ."

ಬಾಗಿಲಿಗೆ ತಂದ ಹೊಸ್ತಿಲು ಗೋಡೆಗೆ ಒರಗಿಕೊಂಡೇ ಇತ್ತು. ಯಾಕೆ ಕೂರಿಸಿಲ್ಲವೆಂದು ಕೇಳಿದರೆ ಅನ್ನುವಳು: "ಪೂಜಿ ಮಾಡಿದ ಹೊಸ್ತಿಲ ಜೆಸಿಬಿಗಿ ಹ್ಯಾಂಗ ಕೊಡ್ಲಿರಿ?"

ಮಗನ ಮದುವೆಯಾಯಿತು. ಭಾಲ್ಕಿಯ ಸೊಸೆ ಸೇರಕ್ಕಿ ಒದ್ದು ಒಳಗೆ ಬರಲೆಂದು ಆ ಹೊಸ್ತಿಲನ್ನು ಆಕೆ ಬಾಗಿಲಲ್ಲಿ ಮಲಗಿಸಿದಳು. ಹುಡುಗಿ ದಾಟಿದ್ದೇ ತಡ, ಎತ್ತಿ ಮತ್ತೆ ಗೋಡೆಗೆ ಒರಗಿಸಿದಳು.

ಸೊಸೆ ಮೆಲ್ಲಗೆ ಕೇಳಿದಳು: "ಅತ್ತೀ, ನಾ ಈಗ ಒಳಗ ಬಂದಂಗ ಆಯ್ತೇನ್ರಿ?"

ಆಕೆ ಸೆರಗಿನ ತುದಿ ಹಿಂಡುತ್ತ, ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ನೋಡಿದಳು.